ಹಾವೇರಿ ಸೀಮೆಯ ಆಟದ ನೆಲ ಮತ್ತು ಗಾಲಿಕುರ್ಚಿಯ ದಾರಿ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಸೀಮೆಯ ರಂಗಚರಿತ್ರೆಯನ್ನು ಕವಿ, ನಟ, ಕಂಪನಿ ಮಾಲೀಕರ ಕಡೆಯಿಂದ ನೋಡುವುದು ರೂಢಿ. ನೋಡುವವರ ಕಡೆಯಿಂದ, ಅದರಲ್ಲಿಯೂ ಕಾಲಿನ ಬಲವಿಲ್ಲದೆ ಮೆಟ್ಟಿಲು ಹತ್ತಲಾರದ ಪ್ರೇಕ್ಷಕರ ಕಡೆಯಿಂದ ಅದನ್ನು ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಭಾಗದ ಹಳೆಯ ಆಟಗಳಲ್ಲಿ ಪ್ರೇಕ್ಷಕನ ಹಾದಿಗೆ ಮೆಟ್ಟಿಲು ಇರಲಿಲ್ಲ. ಅದು ಶಾಶ್ವತ ಕಟ್ಟಡಗಳೊಂದಿಗೆ, ಇಪ್ಪತ್ತನೆಯ ಶತಮಾನದಲ್ಲಿ ಬಂದು ಸೇರಿತು. ಇಂದು ಕಾನೂನು ಕೇಳುವ ರ‍್ಯಾಂಪ್, ಅಂದರೆ ಗಾಲಿಕುರ್ಚಿ ಉರುಳಿಸಿಕೊಂಡು ಹೋಗಬಹುದಾದ ಇಳಿಜಾರು ದಾರಿ, ಆ ಮೆಟ್ಟಿಲಿಗೆ ಕೊಡಬೇಕಾದ ತಡವಾದ ಉತ್ತರವಾಗಿದೆ.

ಮೊದಲು ದೊಡ್ಡಾಟವನ್ನು ನೋಡಬೇಕು. ಸುಗ್ಗಿ ಮುಗಿದ ಮೇಲೆ, ಇಲ್ಲವೆ ಊರ ಜಾತ್ರೆಯ ಸಮಯದಲ್ಲಿ, ಗುಡಿಯ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು ಹಲಗೆ ಹಾಸಿ ಅಟ್ಟ ಕಟ್ಟುತ್ತಿದ್ದರು. ಎತ್ತರವೆಂಬುದು ವೇಷಧಾರಿಗಳಿಗೆ ಮಾತ್ರ ಸಲ್ಲುತ್ತಿತ್ತು. ಊರಿನವರೂ ಪರಊರಿನಿಂದ ಬಂದವರೂ ಅಟ್ಟದ ಎದುರಿಗೆ ಮತ್ತು ಎರಡು ಬದಿಗೆ ಚಾಪೆ, ಕಂಬಳಿ ಹಾಸಿಕೊಂಡು ನೆಲದ ಮೇಲೆ ಕುಳಿತು ಬೆಳಗಿನವರೆಗೆ ಆಟ ನೋಡುತ್ತಿದ್ದರು. ನಡೆಯಲಾರದ ಮುದುಕರೂ ಕಾಲಿಲ್ಲದವರೂ ಚಕ್ಕಡಿಯಲ್ಲಿ ಬಂದರೆ ಎತ್ತು ಬಿಚ್ಚಿದ ಬಂಡಿಯಲ್ಲಿಯೇ ಕುಳಿತು ನೋಡುವುದಕ್ಕೆ ಅಡ್ಡಿಯಿರಲಿಲ್ಲ. ಆದರೂ ಆ ಕಾಲವನ್ನು ಸುವರ್ಣಯುಗವೆಂದು ಕರೆದರೆ ತಪ್ಪಾಗುತ್ತದೆ. ಬಂಡಿಯಿಲ್ಲದ ಮನೆಯ ಅಂಗವಿಕಲರನ್ನು ಯಾರಾದರೂ ಹೊತ್ತು ತರಬೇಕಿತ್ತು, ಇಡೀ ರಾತ್ರಿ ಶೌಚಕ್ಕೂ ಇನ್ನೊಬ್ಬರ ಕೈ ಕಾಯಬೇಕಿತ್ತು, ಹೆಣ್ಣುಮಕ್ಕಳಾದರೆ ಈ ಕಷ್ಟ ಇಮ್ಮಡಿಯಾಗುತ್ತಿತ್ತು. ಬಯಲು ಅವರನ್ನು ತಡೆಯುತ್ತಿರಲಿಲ್ಲ ಎನ್ನುವಷ್ಟು ಮಾತ್ರ ನಿಜ.

ವೃತ್ತಿ ನಾಟಕ ಈ ಸೀಮೆಗೆ ಹೊರಗಿನದೇನೂ ಆಗಿರಲಿಲ್ಲ. 1870ರ ದಶಕದಲ್ಲಿ ಗದಗಿನಲ್ಲಿ ಹುಟ್ಟಿದ ಕೃತಪುರ ನಾಟಕ ಮಂಡಳಿಗೆ ಬೆನ್ನೆಲುಬಾಗಿದ್ದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯವರು. 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲು ಮಾರ್ಗ ತೆರೆದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ದಾರಿಯ ನಿಲ್ದಾಣಗಳಾದವು. ಪರದೆ, ಪೆಟ್ಟಿಗೆ, ತಗಡುಗಳನ್ನು ಹೇರಿಕೊಂಡು ಊರಿಂದೂರಿಗೆ ಕ್ಯಾಂಪು ಮಾಡುತ್ತಿದ್ದ ಕಂಪನಿಗಳಿಗೆ ರೈಲು ಅನುಕೂಲದ ಸಾಧನವಾಯಿತು. ಕಂಪನಿಯ ತಗಡಿನ ಥಿಯೇಟರಿನಲ್ಲಿ ಟಿಕೆಟ್ಟಿನ ದರ್ಜೆಗಳಿದ್ದವು: ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಕೊನೆಗೆ ನೆಲ. ಹಣದ ಅಂತರ ಬಂದರೂ ಎತ್ತರದ ಅಂತರ ಬರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಅತಿ ದುಬಾರಿಯ ಕುರ್ಚಿಯೂ ಅತಿ ಅಗ್ಗದ ಚಾಪೆಯೂ ಇದ್ದದ್ದು ಒಂದೇ ನೆಲದ ಮೇಲೆ.

ಇದೇ ರಂಗಭೂಮಿ ಇನ್ನೊಂದು ಬಗೆಯಲ್ಲಿಯೂ ವಿಕಲಚೇತನರಿಗೆ ತೆರೆದುಕೊಂಡಿತ್ತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ, ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿಯಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಈ ಗುರುಪರಂಪರೆ, ಹಾನಗಲ್ಲ ಕುಮಾರ ಶಿವಯೋಗಿಗಳ ಹೆಸರಿನಲ್ಲಿ ನಾಟಕ ಸಂಘವನ್ನೂ ನಡೆಸಿ, ಅದರ ಗಳಿಕೆಯನ್ನು ಆಶ್ರಮದ ಅನ್ನ ಮತ್ತು ವಿದ್ಯೆಗೆ ಬಳಸಿತು. ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರು. ಕಣ್ಣಿಲ್ಲದವರು ನಾಟಕ ಸಂಸ್ಥೆಯ ಒಡೆಯರೂ ರಚನಾಕಾರರೂ ಆಗಬಲ್ಲರೆಂದು ಈ ನಾಡು ದಶಕಗಳ ಹಿಂದೆಯೇ ಕಂಡಿತ್ತು. ಇಂಥ ನಾಡಿನಲ್ಲಿ ಮುಂದೆ ಎದ್ದ ಕಟ್ಟಡಗಳು ನಡೆಯಲಾರದವರನ್ನು ಪ್ರೇಕ್ಷಕರೆಂದು ಸಹ ಎಣಿಸದೆ ಹೋದದ್ದು ನೋವಿನ ಸಂಗತಿ.

ಸಮತಟ್ಟಾದ ನೆಲದಿಂದ ಮೆಟ್ಟಿಲಿಗೆ ಆದ ಈ ಬದಲಾವಣೆ ಸಿನಿಮಾದೊಂದಿಗೆ ಬಂದಿತು. ಮೊದಲ ಹಂತದ ಟೂರಿಂಗ್ ಟಾಕೀಸು ಡೇರೆಯದಾಗಿದ್ದುದರಿಂದ ನೆಲ ಸಮತಟ್ಟಾಗಿಯೇ ಉಳಿಯಿತು. ದರ್ಜೆಗಳು ಮಾತ್ರ ತಿರುವುಮುರುವಾಗಿ, ಪರದೆಗೆ ಹತ್ತಿರದ ನೆಲ ಅಗ್ಗವೂ ದೂರದ ಕುರ್ಚಿ ದುಬಾರಿಯೂ ಆಯಿತು. ಚಿತ್ರಮಂದಿರಗಳು ಕಲ್ಲು, ಸಿಮೆಂಟಿನಲ್ಲಿ ನಿಂತ ಮೇಲೆ ದುಬಾರಿಯ ಆಸನ ಹಿಂದೆ ಸರಿದದ್ದಲ್ಲದೆ ಬಾಲ್ಕನಿಯಾಗಿ ಮಾಳಿಗೆಗೂ ಏರಿತು. ರಸ್ತೆಯಿಂದ ಎರಡು ಮೂರು ಅಡಿ ಎತ್ತರದ ತಳಪಾಯ, ಮುಂಬಾಗಿಲಿಗೆ ಮೆಟ್ಟಿಲ ಸಾಲು, ಕತ್ತಲೆಯ ಒಳಾಂಗಣದಲ್ಲಿ ಮತ್ತೆ ಮೆಟ್ಟಿಲು ಎಂಬ ರಚನೆ ಎಲ್ಲ ಪಟ್ಟಣಗಳಲ್ಲಿಯೂ ಸಾಮಾನ್ಯವಾಯಿತು. ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಊರುಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು, 1964ರ ಸಿನಿಮಾ ನಿಯಂತ್ರಣ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಬೆಂಕಿಯ ಭಯದಿಂದ ಹುಟ್ಟಿದ ಈ ಬಗೆಯ ಕಟ್ಟಳೆಗಳು ಹೊರಬಾಗಿಲು ಎಷ್ಟಿರಬೇಕು, ಓಡಾಡುವ ದಾರಿ ಎಷ್ಟು ಅಗಲವಿರಬೇಕು ಎಂದು ಅಳೆದವು. ಆ ಬಾಗಿಲಿನಿಂದ ಓಡಲಾರದವರು ಒಳಗೆ ಬರುವುದು ಹೇಗೆ, ಬೆಂಕಿ ಬಿದ್ದರೆ ಹೊರಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಅವುಗಳ ಕಾಲಕ್ಕೆ ಎದ್ದಿರಲಿಲ್ಲ.

ಇಲ್ಲಿ ವಾಹನದ ಮಾತನ್ನೂ ಹೇಳಬೇಕು. ಗ್ರಾಮಾಂತರದಲ್ಲಿ ಪೋಲಿಯೊದಿಂದಲೋ ಅಪಘಾತದಿಂದಲೋ ಕಾಲು ಸೋತವರಿಗೆ ಮೊದಲು ಒದಗಿದ ಸಾಧನ ಆಸ್ಪತ್ರೆಯ ಮಾದರಿಯ ಗಾಲಿಕುರ್ಚಿಯಲ್ಲ, ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ಲು. ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆ 1972ರಲ್ಲಿ ಕಾನಪುರದಲ್ಲಿ ಸ್ಥಾಪನೆಯಾಗಿ, 1981ರ ನಂತರ ಸಾಧನ ವಿತರಣೆಯ ಯೋಜನೆಯೂ ಬಂದ ಮೇಲೆ ಇಂಥ ಸೈಕಲ್ಲುಗಳು ಹಳ್ಳಿಗಳನ್ನು ಮುಟ್ಟಿದವು; ಪಕ್ಕಕ್ಕೆ ಗಾಲಿ ಜೋಡಿಸಿದ ಸ್ಕೂಟರುಗಳು ಆಮೇಲೆ ಬಂದವು. ಮಾರ್ಗಸೂಚಿಗಳು ಹೇಳುವ 900 ಮಿಲಿಮೀಟರ್ ಅಗಲದ ಬಾಗಿಲು ಗಾಲಿಕುರ್ಚಿಗೆ ಸಾಕಾದರೂ ಇವುಗಳಿಗೆ ಸಾಲುವುದು ಕಷ್ಟ. ಹಳ್ಳಿಯಿಂದ ಬ್ಯಾಡಗಿಯ ಪೇಟೆಗೆ ಮೂರು ಗಾಲಿಯ ಮೇಲೆ ತಾನಾಗಿಯೇ ಬಂದ ಮನುಷ್ಯ ಸಭಾಭವನದ ಬಾಗಿಲಲ್ಲಿ ಅದನ್ನು ಬಿಟ್ಟು ಕೈಯೂರಿ ತೆವಳಬೇಕಾದರೆ ಅವನ ಸ್ವಾತಂತ್ರ್ಯ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಈ ಸೀಮೆಯ ರಂಗಮಂದಿರಗಳಿಗೆ ರ‍್ಯಾಂಪಿನಷ್ಟೇ ಅಗತ್ಯವಾದದ್ದು ವಾಹನ ನಿಲ್ಲಿಸಲು ನೆರಳಿನ ಜಾಗ ಮತ್ತು ಅಲ್ಲಿಯೇ ಕಾದಿರಿಸಿದ ಗಾಲಿಕುರ್ಚಿ.

ಕಾನೂನಿನ ಚರಿತ್ರೆ ಹಾವೇರಿಗೆ ವಿಶೇಷವಾಗಿ ತಗಲುತ್ತದೆ. ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಬೇಕೆಂದ 1995ರ ಅಂಗವಿಕಲರ ಕಾಯ್ದೆ 1996ರ ಫೆಬ್ರವರಿ 7ರಂದು ಜಾರಿಗೆ ಬಂದಿತು; ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಎಂದರೆ ಜಿಲ್ಲಾ ಕೇಂದ್ರವಾದ ಕಾರಣಕ್ಕೆ ಇಲ್ಲಿ ಎದ್ದ ಸರ್ಕಾರಿ ಸಭಾಂಗಣ, ಭವನಗಳೆಲ್ಲ ಆ ಕಾಯ್ದೆಯ ನಂತರದವು. ಹಳೆಯ ಜಿಲ್ಲೆಗಳು ಹೇಳಬಹುದಾದ ಹಳೆಯ ಕಟ್ಟಡದ ನೆಪ ಇವುಗಳಿಗೆ ಸಲ್ಲುವುದಿಲ್ಲ. ಆದರೆ ಆ ಕಾಯ್ದೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳಿಗಷ್ಟೇ, ಅದೂ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತಿನೊಂದಿಗೆ, ಹೊಣೆ ಹೊರಿಸಿತ್ತು. ಖಾಸಗಿ ಚಿತ್ರಮಂದಿರ ಅದರ ಹೊರಗೆ ಉಳಿಯಿತು. 2017ರ ಏಪ್ರಿಲ್ 19ರಂದು ಜಾರಿಯಾದ 2016ರ ಕಾಯ್ದೆ ಸಂಸ್ಕೃತಿ ಮತ್ತು ಮನರಂಜನೆಗೆ ಬಳಕೆಯಾಗುವ ಖಾಸಗಿ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡವೆಂದು ಕರೆದು, ಹಳೆಯವುಗಳನ್ನು ತಿದ್ದಿಕೊಳ್ಳಲು ನಿಯಮಗಳ ಪ್ರಕಟಣೆಯಿಂದ ಐದು ವರ್ಷ ಕೊಟ್ಟಿತು. ಕಡ್ಡಾಯದ ನಿಯಮಗಳಿಲ್ಲದೆ ಕೇವಲ ಮಾರ್ಗಸೂಚಿಗಳಿದ್ದರೆ ಸಾಲದೆಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪಿತ್ತು, ಆ ಕಡ್ಡಾಯ ನಿಯಮಗಳನ್ನು ರಚಿಸಲು ಮೂರು ತಿಂಗಳ ಗಡುವು ವಿಧಿಸಿತು.

ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಎಂಬುದು ರ‍್ಯಾಂಪಿನ ಸರ್ವಮಾನ್ಯ ಲೆಕ್ಕ. ಮೂರಡಿ ತಳಪಾಯಕ್ಕೆ ಮೂವತ್ತಾರು ಅಡಿ ಬೇಕು. ಹಳೆಯ ಪೇಟೆಯ ಇಕ್ಕಟ್ಟಿನ ನಿವೇಶನದಲ್ಲಿ ಅಷ್ಟು ಜಾಗ ಸಿಗುವುದು ಕಷ್ಟವಾದ್ದರಿಂದ, ಕಡಿದಾದ ಸಿಮೆಂಟಿನ ಜಾರುಗಟ್ಟೆಯೊಂದನ್ನು ಸುರಿದು ರ‍್ಯಾಂಪ್ ಎಂದು ಕರೆಯುವ ವಾಡಿಕೆ ರಾಜ್ಯದ ಅನೇಕ ಕಡೆ ಬೆಳೆದಿದೆ. ಅದನ್ನು ಗಾಲಿಕುರ್ಚಿಯವರು ಒಬ್ಬರೇ ಏರಲಾರರು. ಬಯಲಿನ ಕಾರ್ಯಕ್ರಮಗಳೂ ತಮ್ಮಷ್ಟಕ್ಕೆ ಸುಗಮವಲ್ಲ: 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ಸೇರಿದ 86ನೇ ಕನ್ನಡ ಸಾಹಿತ್ಯ ಸಮ್ಮೇಳನದಂಥ ಮಹಾಸಭೆಗಳ ಪೆಂಡಾಲು ಸಮತಟ್ಟಾದ ನೆಲದ ಮೇಲೇ ಏಳುತ್ತದೆ, ಆದರೆ ಸಡಿಲು ಮಣ್ಣಿನ ಮೇಲೆ ಜಮಖಾನ ಹಾಸಿದರೆ ಸಣ್ಣ ಗಾಲಿ ಹೂತುಕೊಳ್ಳುತ್ತದೆ, ಹಲಗೆಯ ದಾರಿ ಬೇಕಾಗುತ್ತದೆ.

ಹೊಸ ಕಟ್ಟಡಗಳ ಮಟ್ಟಿಗೆ ಅಧಿಕಾರ ದೂರದಲ್ಲಿಲ್ಲ. 2016ರ ಕಾಯ್ದೆಯ 44ನೇ ಕಲಮಿನ ಪ್ರಕಾರ ನಿಯಮಕ್ಕೆ ಹೊಂದದ ನಕ್ಷೆಗೆ ಪರವಾನಗಿಯನ್ನಾಗಲಿ, ಹಾಗೆ ಕಟ್ಟಿದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವನ್ನಾಗಲಿ ಕೊಡುವಂತಿಲ್ಲ. ಆ ಕಡತಗಳು ಬರುವುದು ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳ, ಬ್ಯಾಡಗಿಯ ಪುರಸಭೆಯ ಮೇಜಿಗೆ.