ತಾಲೂತ್‌ರ ಸೈನ್ಯ ಮತ್ತು ನದಿಯ ಪರೀಕ್ಷೆ

ಬನೂ ಇಸ್ರಾಈಲರಿಗೆ ಅಲ್ಲಾಹನು ನೇಮಿಸಿದ ರಾಜ ತಾಲೂತ್. ಬೈಬಲ್‌ನಲ್ಲಿ ಇವರ ಹೆಸರು ಸೌಲ. ಕುರ್‌ಆನಿನ ಸೂರಃ ಅಲ್ ಬಕರದ 246ರಿಂದ 251ರ ವರೆಗಿನ ಆಯತ್‌ಗಳಲ್ಲಿ ಇವರ ಚರಿತ್ರೆ ಬರುತ್ತದೆ.

ಪ್ರವಾದಿ ಮೂಸಾ (ಅ) ಅವರ ಕಾಲ ಕಳೆದ ಮೇಲೆ ಬನೂ ಇಸ್ರಾಈಲರು ಶತ್ರುಗಳ ಕೈಯಲ್ಲಿ ಸೋತು, ಮನೆ ಮಕ್ಕಳಿಂದ ದೂರವಾಗಿದ್ದರು. ಹನ್ನೆರಡು ಗೋತ್ರಗಳಿದ್ದರೂ ಎಲ್ಲರಿಗೂ ಒಬ್ಬನೇ ರಾಜ ಅಂತ ಇರಲಿಲ್ಲ. ಮುಖಂಡರು ತಮ್ಮ ಪ್ರವಾದಿಯ ಬಳಿ ಬಂದು, ನಮಗೊಬ್ಬ ರಾಜನನ್ನು ನೇಮಿಸಿ, ನಾವು ಹೋರಾಡ್ತೇವೆ ಅಂದರು. (ಆ ಪ್ರವಾದಿಯ ಹೆಸರು ಕುರ್‌ಆನಿನಲ್ಲಿಲ್ಲ, ಬೈಬಲ್‌ನಲ್ಲಿ ಸಮುವೇಲ ಎಂದಿದೆ.) ಯುದ್ಧ ಕಡ್ಡಾಯವಾದರೆ ಹಿಂದೆ ಸರಿಯುವುದಿಲ್ಲ ತಾನೇ ಅಂತ ಪ್ರವಾದಿ ಮೊದಲೇ ಕೇಳಿದ್ದರು. ಖಂಡಿತ ಇಲ್ಲ ಎಂದವರು, ಆಜ್ಞೆ ಬಂದಾಗ ಸ್ವಲ್ಪ ಜನರನ್ನು ಬಿಟ್ಟು ಉಳಿದವರೆಲ್ಲ ಹಿಂದೆ ಸರಿದರು.

ತಾಲೂತ್‌ರ ಹೆಸರು ಕೇಳಿದ ಕೂಡಲೇ ತಕರಾರು ಶುರುವಾಯಿತು. ಅವರ ಹತ್ತಿರ ಸಂಪತ್ತಿಲ್ಲ, ರಾಜತ್ವಕ್ಕೆ ಅವರಿಗಿಂತ ನಾವೇ ಅರ್ಹರು ಎಂಬ ವಾದ. ಬೈಬಲ್ ಪ್ರಕಾರ ಅವರು ಬೆನ್ಯಾಮೀನ್ ಎಂಬ ಸಣ್ಣ ಗೋತ್ರದವರು ಕೂಡ. ಅಂಗಡಿಯಲ್ಲಿ ಕೂತು ದಿನಾ ಲೆಕ್ಕ ಬರೆಯುವ ನನಗೆ ಈ ತಕರಾರು ಹೊಸದೇನಲ್ಲ. ಯಾರ ಮಾತಿಗೆ ಎಷ್ಟು ಬೆಲೆ ಅನ್ನೋದನ್ನು ನಾವೂ ಎಷ್ಟೋ ಸಲ ಅವರ ಬಂಡವಾಳ ನೋಡಿಯೇ ತೀರ್ಮಾನಿಸ್ತೇವೆ. ಆದರೆ ಅಲ್ಲಾಹನು ತಾಲೂತ್‌ರಿಗೆ ಕೊಟ್ಟದ್ದು ಜ್ಞಾನ ಮತ್ತು ದೇಹಬಲ. ಮೂಸಾ ಮತ್ತು ಹಾರೂನ್ (ಅ) ಕುಟುಂಬದ ಅವಶೇಷಗಳಿದ್ದ ಪೆಟ್ಟಿಗೆ, ಅಂದರೆ ತಾಬೂತ್, ಮರಳಿ ಬಂದದ್ದೇ ಅವರ ರಾಜತ್ವಕ್ಕೆ ಗುರುತಾಯಿತು.

ಸೈನ್ಯ ಹೊರಟಿತು. ದಾರಿಯಲ್ಲಿ ಒಂದು ನದಿ. ಇದರ ನೀರು ಕುಡಿದವನು ನನ್ನವನಲ್ಲ ಎಂದರು ತಾಲೂತ್. ಪೂರ್ತಿ ನಿಷೇಧವೂ ಅಲ್ಲ, ಕೈಯಿಂದ ಒಮ್ಮೆ ಮೊಗೆದಷ್ಟು ನೀರಿಗೆ ಅನುಮತಿ ಇತ್ತು. ಈ ರಿಯಾಯಿತಿಯನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಇನ್ನೂ ಶತ್ರು ಎದುರಿಗೆ ಬಂದಿಲ್ಲ, ಕತ್ತಿ ಎತ್ತಿಲ್ಲ. ಒಂದು ಮಿತಿಯೊಳಗೆ ನಿಲ್ಲಬೇಕಿತ್ತು, ಅಷ್ಟೇ. ಅದರಲ್ಲೇ ಹೆಚ್ಚಿನವರು ಸೋತರು. ಜಾಲೂತ್‌ನ ಸೈನ್ಯ ಮುಟ್ಟುವ ಮೊದಲೇ ಇವರ ಸೈನ್ಯ ತಾನಾಗಿಯೇ ಕರಗಿತ್ತು. (ಇಂಥದ್ದೇ ನೀರಿನ ಪರೀಕ್ಷೆ ಬೈಬಲ್‌ನಲ್ಲಿ ಗಿದ್ಯೋನನ ಕಥೆಯಲ್ಲಿದೆ, ಅಲ್ಲಿ ಉಳಿದವರು 300 ಮಂದಿ.)

ನದಿ ದಾಟಿದ ಮೇಲೂ ಭಯ ಹೋಗಲಿಲ್ಲ. ಇವತ್ತು ಜಾಲೂತ್‌ನನ್ನು ಎದುರಿಸುವ ಶಕ್ತಿ ನಮಗಿಲ್ಲ ಎಂಬ ಮಾತು ಬಂತು. ಆಗ ಅಲ್ಲಾಹನನ್ನು ಭೇಟಿಯಾಗುವ ನಂಬಿಕೆ ಗಟ್ಟಿಯಿದ್ದವರು, ಸಣ್ಣ ಗುಂಪುಗಳು ದೊಡ್ಡ ಗುಂಪುಗಳನ್ನು ಗೆದ್ದದ್ದು ಎಷ್ಟೋ ಇದೆ ಎಂದು ಧೈರ್ಯ ತುಂಬಿದರು. ಸಹನೆಗಾಗಿ, ಕಾಲು ಅಲುಗದಂತೆ ನಿಲ್ಲುವುದಕ್ಕಾಗಿ ದುಆ ಮಾಡಿದರು. ಜಾಲೂತ್‌ನನ್ನು ಕೊಂದವರು ಅದೇ ಸೈನ್ಯದಲ್ಲಿದ್ದ ದಾವೂದ್ (ಅ). ಮುಂದೆ ಅವರಿಗೆ ರಾಜ್ಯವೂ ಜ್ಞಾನವೂ ಸಿಕ್ಕಿತು.

ಬದ್ರ್‌ನ ಸಹಾಬಿಗಳ ಸಂಖ್ಯೆ ಮದ್ರಸದಲ್ಲಿ ಕಲಿತ ಯಾರಿಗೂ ಗೊತ್ತು: 313. ತಾಲೂತ್‌ರ ಜೊತೆ ನದಿ ದಾಟಿದವರೂ ಅಷ್ಟೇ ಮಂದಿ, ಮುನ್ನೂರ ಹತ್ತಕ್ಕಿಂತ ತುಸು ಹೆಚ್ಚು ಎಂದು ಸಹಾಬಿಗಳು ಮಾತಾಡಿಕೊಳ್ಳುತ್ತಿದ್ದರಂತೆ. ಇದು ಬರಾಅ್ ಬಿನ್ ಆಝಿಬ್ (ರ) ಅವರಿಂದ ಸಹೀಹುಲ್ ಬುಖಾರಿಯಲ್ಲಿ ವರದಿಯಾಗಿದೆ.