ಬಾಡಿಗೆಯ ಜೆಟ್ಟು ಮತ್ತು 12,500 ಪೌಂಡ್ ತೂಕ

ನಮ್ಮ ಸಂಘದ ವಾರ್ಷಿಕ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವ ಕೆಲಸ ಯಾರ ಪಾಲಿಗೆ ಬಂದಿದೆಯೋ ಅವರಿಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತು. ಬಸ್ಸಿನ ಯಜಮಾನ ನಾವು ಕುಳಿತು ಹೋದ ದೂರಕ್ಕೆ ಮಾತ್ರ ಹಣ ಕೇಳುವುದಿಲ್ಲ. ನಮ್ಮನ್ನು ಇಳಿಸಿದ ಮೇಲೆ ಬಸ್ಸು ಬರಿದಾಗಿ ಹಿಂದಿರುಗುವ ದೂರಕ್ಕೂ ಕೇಳುತ್ತಾನೆ. ಚೌಕಾಸಿ ಮಾಡಬಹುದು, ಮುನಿಸಿಕೊಳ್ಳಬಹುದು. ಆದರೆ ಕೂತು ಲೆಕ್ಕ ಹಾಕಿದರೆ ಅವನ ಮಾತು ತಪ್ಪೆನ್ನುವಂತಿಲ್ಲ. ಬರಿದಾಗಿ ಓಡಿದರೂ ಡೀಸೆಲ್ ಉರಿಯುತ್ತದೆ, ಚಾಲಕನಿಗೆ ಭತ್ಯೆ ಕೊಡಲೇಬೇಕು.

ಇಡೀ ಜೆಟ್ ವಿಮಾನವನ್ನೇ ಬಾಡಿಗೆಗೆ ಹಿಡಿದು ಹೋಗುವವರ ಲೋಕ ನಮ್ಮದಲ್ಲ. ಆದರೆ ಅವರ ಲೆಕ್ಕವೂ ಮೂಲದಲ್ಲಿ ಈ ಬಸ್ಸಿನ ಲೆಕ್ಕವೇ. ಇಂದು ಇಂಥ ವಿಮಾನಗಳನ್ನು ಹೋಲಿಸುವವರು ವೇಗವೆಷ್ಟು, ಆಸನಗಳೆಷ್ಟು, ಒಳಗೆ ನೆಟ್ಟಗೆ ನಿಲ್ಲಬಹುದೇ, ಗಂಟೆಗೆ ಬಾಡಿಗೆಯೆಷ್ಟು ಎಂದು ಪಟ್ಟಿ ಮಾಡುತ್ತಾರೆ. ಇವುಗಳ ಹಿಂದಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಕಂಡ ಸ್ವಾರಸ್ಯ ಬೇರೆ. ಯಾವ ಜೆಟ್ಟು ಬಾಡಿಗೆಗೆ ಸಿಕ್ಕಬೇಕು, ಯಾವುದು ಸಿಕ್ಕಬಾರದು ಎಂಬುದನ್ನು ಎಂಜಿನಿಯರುಗಳು ಎಷ್ಟು ನಿರ್ಧರಿಸಿದರೋ ಅಷ್ಟೇ ಮಟ್ಟಿಗೆ ಸರ್ಕಾರಿ ನಿಯಮಾವಳಿಯ ಒಂದು ಅಂಕಿಯೂ ನಿರ್ಧರಿಸಿತು. ಕಡತಗಳ ನಡುವೆ ಬದುಕುವವನಿಗೆ ಇಂಥ ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆಂದು ಕಾಣುತ್ತದೆ.

ಸಣ್ಣ ಜೆಟ್ ವಿಮಾನಗಳು ಮೊದಲು ಹುಟ್ಟಿದ್ದು ವ್ಯಾಪಾರಿಗಳಿಗಾಗಿ ಅಲ್ಲ. 1954ರಲ್ಲಿ ಫ್ರಾನ್ಸಿನ ಮೊರಾನ್-ಸೋಲ್ನಿಯೆ ಸಂಸ್ಥೆಯ 'ಪ್ಯಾರಿಸ್' ಎಂಬ ನಾಲ್ಕು ಆಸನಗಳ ಜೆಟ್ಟು ಹಾರಿತು. ಅದು ಮುಖ್ಯವಾಗಿ ಸೈನ್ಯದ ಕೆಲಸದ್ದು. ಅಮೆರಿಕಾದ ವಾಯುಸೇನೆಗೆ ಅಧಿಕಾರಿಗಳನ್ನು ಸಾಗಿಸಲು ಚಿಕ್ಕ ಜೆಟ್ಟೊಂದು ಬೇಕಾಗಿದ್ದಾಗ ಲಾಕ್‌ಹೀಡ್ ಸಂಸ್ಥೆಯ 'ಜೆಟ್‌ಸ್ಟಾರ್' 1957ರ ಸೆಪ್ಟೆಂಬರ್ 4ರಂದು ಮೊದಲ ಬಾರಿ ಹಾರಿತು. ಮರುವರ್ಷ ನಾರ್ತ್ ಅಮೆರಿಕನ್ ಸಂಸ್ಥೆಯ 'ಸೇಬರ್‌ಲೈನರ್' ಬಂದಿತು. ಇವೆರಡನ್ನೂ ಮುಂದೆ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಸ್ವಂತ ಉಪಯೋಗಕ್ಕೆ ಕೊಂಡವು.

ಜೆಟ್‌ಸ್ಟಾರ್‌ನ ಮೊದಲ ಮಾದರಿಗೆ ಜೋಡಿಸಿದ್ದು ಎರಡು 'ಆರ್ಫಿಯಸ್' ಎಂಜಿನುಗಳನ್ನು. ಈ ಬ್ರಿಟಿಷ್ ಎಂಜಿನಿನ ಹೆಸರು ಬೆಂಗಳೂರಿಗೆ ಹೊಸದಲ್ಲ. ಎಚ್.ಎ.ಎಲ್. ಕಾರ್ಖಾನೆಯಲ್ಲಿ ಇದನ್ನು ಪರವಾನಗಿ ಪಡೆದು ತಯಾರಿಸಲಾಯಿತು. 1961ರಲ್ಲಿ ಮೊದಲು ಹಾರಿದ ನಮ್ಮ 'ಮಾರುತ್' ಯುದ್ಧವಿಮಾನಕ್ಕೂ ಆರ್ಫಿಯಸ್ ಜೋಡಿಯೇ ಶಕ್ತಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ್ ನಿಂತಿರುವುದನ್ನು ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿದವರು ನಮ್ಮಲ್ಲಿ ಹಲವರಿರಬಹುದು. ಅಮೆರಿಕಾದಲ್ಲಿ ಮಾತ್ರ ಜೆಟ್‌ಸ್ಟಾರ್ ಮಾರಾಟಕ್ಕೆ ಬರುವ ವೇಳೆಗೆ ಆರ್ಫಿಯಸ್ ಹೋಗಿ, ಅಲ್ಲಿಯದೇ ಆದ ನಾಲ್ಕು ಚಿಕ್ಕ ಎಂಜಿನುಗಳು ಬಂದಿದ್ದವು.

ಇದಾದ ಮೇಲೆ ಹದಿನಾಲ್ಕು ತಿಂಗಳ ಅವಧಿಯೊಳಗೆ ಮೂರು ಹೊಸ ವಿಮಾನಗಳು ಆಕಾಶಕ್ಕೇರಿದವು. 1962ರ ಆಗಸ್ಟ್ 13ರಂದು ಇಂಗ್ಲೆಂಡಿನಲ್ಲಿ ಡಿ ಹ್ಯಾವಿಲೆಂಡ್ 125. 1963ರ ಮೇ 4ರಂದು ಫ್ರಾನ್ಸಿನಲ್ಲಿ ದಾಸ್ಸೋ ಸಂಸ್ಥೆಯ 'ಫಾಲ್ಕನ್ 20'. ಅದೇ ವರ್ಷ ಅಕ್ಟೋಬರ್ 7ರಂದು ಅಮೆರಿಕಾದ ವಿಚಿಟಾ ಪಟ್ಟಣದಲ್ಲಿ 'ಲಿಯರ್‌ಜೆಟ್ 23'. ಫಾಲ್ಕನ್ನಿನ ವಿಷಯದಲ್ಲಿ ಒಂದು ಪ್ರಸಿದ್ಧ ಕಥೆಯಿದೆ. 1927ರಲ್ಲಿ ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಆಗ ಪ್ಯಾನ್ ಅಮೆರಿಕನ್ ಸಂಸ್ಥೆಯ ಸಲಹೆಗಾರ. ಬೋರ್ಡೋಗೆ ಬಂದು ಈ ವಿಮಾನವನ್ನು ಕಣ್ಣಾರೆ ಕಂಡು, ಬೇಕಾದ ಹಕ್ಕಿ ಸಿಕ್ಕಿತೆಂದು ಯಜಮಾನರಿಗೆ ತಂತಿ ಕಳಿಸಿದ. ಪ್ಯಾನ್ ಅಮೆರಿಕನ್ 40 ವಿಮಾನಗಳಿಗೆ ಬೇಡಿಕೆ ಇಟ್ಟಿತು.

ಮೂರನ್ನೂ ಹೋಲಿಸಿದರೆ ಲಿಯರ್‌ಜೆಟ್ ಎಲ್ಲಕ್ಕಿಂತ ಚಿಕ್ಕದು, ಹಗುರವಾದದ್ದು, ತುಂಟತನದ್ದು. ಡಿ ಹ್ಯಾವಿಲೆಂಡ್ 125 ಮತ್ತು ಫಾಲ್ಕನ್‌ಗಳೊಳಗೆ ಐದೂವರೆ ಅಡಿಗಿಂತ ಹೆಚ್ಚು ಎತ್ತರವಿತ್ತು. ಸಾಧಾರಣ ಎತ್ತರದ ಮನುಷ್ಯ ತಲೆ ತಗ್ಗಿಸದೆ ನಡೆಯಬಹುದಿತ್ತು. ಲಿಯರ್‌ಜೆಟ್ಟಿನಲ್ಲಿ ನಾಲ್ಕೂವರೆ ಅಡಿಯೂ ಇರಲಿಲ್ಲ; ಆರು ಮಂದಿ ಪ್ರಯಾಣಿಕರು ಬಗ್ಗಿಕೊಂಡೇ ಹೋಗಿ ಕುಳಿತುಕೊಳ್ಳಬೇಕು. ಆದರೆ ಅದರ ರೆಕ್ಕೆಯ ಮೂಲ ಸ್ವಿಟ್ಜರ್‌ಲೆಂಡಿನ 'ಪಿ-16' ಎಂಬ ಯುದ್ಧವಿಮಾನದ್ದು. ಆ ಯುದ್ಧವಿಮಾನವನ್ನು ಸ್ವಿಸ್ ಸರ್ಕಾರ 1958ರಲ್ಲಿ ಕೈಬಿಟ್ಟಿತ್ತು. ಕೈಬಿಟ್ಟದ್ದನ್ನು ಎತ್ತಿಕೊಂಡವನು ವಿಲಿಯಂ ಲಿಯರ್.

ಈತ ಎಂಟನೆಯ ತರಗತಿಯ ಆಚೆಗೆ ಶಾಲೆ ಓದಿದವನಲ್ಲ. ಕಾರಿನ ರೇಡಿಯೊ ರೂಪಿಸುವುದರಲ್ಲಿ ಪಾಲುಗೊಂಡಿದ್ದ, ವಿಮಾನವನ್ನು ತಾನಾಗಿಯೇ ನಡೆಸುವ ಉಪಕರಣಗಳನ್ನು ಮಾಡಿ ಹೆಸರು ಗಳಿಸಿದ್ದ. ತನ್ನದೇ ಕಂಪನಿಯ ನಿರ್ದೇಶಕರು ಜೆಟ್ಟಿನ ಯೋಜನೆಗೆ ಒಪ್ಪದಿದ್ದಾಗ, ಪಾಲನ್ನು ಮಾರಿ ಹೊರಬಂದು ಆ ಹಣವನ್ನು ಹೊಸ ವಿಮಾನಕ್ಕೆ ಸುರಿದ. 1964ರ ಜೂನ್‌ನಲ್ಲಿ, ಸರ್ಕಾರಿ ಪರೀಕ್ಷೆ ನಡೆಯುತ್ತಿದ್ದಾಗಲೇ ಮೊದಲ ವಿಮಾನ ಹೊಲದಲ್ಲಿ ಬಿದ್ದು ಸುಟ್ಟುಹೋಯಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೂ ಎರಡು ತಿಂಗಳೊಳಗೆ ಆತ ಪ್ರಮಾಣಪತ್ರ ಪಡೆದ.

ಅಷ್ಟು ಬೇಗ ಪಡೆದದ್ದು ಹೇಗೆ? ಅಮೆರಿಕಾದ ಆಗಿನ ನಿಯಮದ ಪ್ರಕಾರ 12,500 ಪೌಂಡ್, ಅಂದರೆ 5,670 ಕಿಲೋಗ್ರಾಂ ತೂಕದವರೆಗಿನ ವಿಮಾನ 'ಸಣ್ಣ' ವಿಮಾನ. ಅದಕ್ಕೆ ಪರೀಕ್ಷೆಗಳು ಸರಳ. ಅದಕ್ಕಿಂತ ಮೇಲಿನದಕ್ಕೆ ಪ್ರಯಾಣಿಕರ ದೊಡ್ಡ ವಿಮಾನಗಳ ಕಟ್ಟುನಿಟ್ಟು. ಲಿಯರ್ ತನ್ನ ಜೆಟ್ಟನ್ನು ಸರಿಯಾಗಿ 12,500 ಪೌಂಡಿಗೆ ತಂದು ನಿಲ್ಲಿಸಿದ್ದ. ತಗ್ಗು ಛಾವಣಿಯ ಗುಟ್ಟು ಇದರಲ್ಲೂ ಇದೆ.

ಇದೇ ಅಂಕಿ ಇನ್ನೊಂದು ಕಡತದಲ್ಲಿಯೂ ಇತ್ತು. ಆ ದೇಶದಲ್ಲಿ ಯಾವ ವಿಮಾನ ಸಂಸ್ಥೆ ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ದರ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ನಾಗರಿಕ ವಿಮಾನಯಾನ ಮಂಡಳಿ ನಿರ್ಧರಿಸುತ್ತಿತ್ತು. ಸಣ್ಣ ಊರುಗಳ ನಡುವೆ ನಾಲ್ಕಾರು ಜನರನ್ನು ಕರೆದೊಯ್ಯುವ 'ಏರ್ ಟ್ಯಾಕ್ಸಿ'ಯವರಿಗೆ ಮಾತ್ರ 1952ರಲ್ಲಿ ವಿನಾಯಿತಿ ಕೊಟ್ಟಿತ್ತು. ಷರತ್ತು ಒಂದೇ: ವಿಮಾನ 12,500 ಪೌಂಡ್ ಮೀರಬಾರದು. ಆ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಪಂಕದ ಚಿಕ್ಕ ವಿಮಾನಗಳು. ಗಂಟೆಗೆ 800 ಕಿಲೋಮೀಟರಿಗೂ ಮಿಗಿಲಾಗಿ ಓಡುವ ಜೆಟ್ಟೊಂದು ಅದೇ ಕಿಂಡಿಯಿಂದ ನುಸುಳಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಜೆಟ್‌ಸ್ಟಾರ್, ಸೇಬರ್‌ಲೈನರ್, 125, ಫಾಲ್ಕನ್ ಇವೆಲ್ಲ ಗೆರೆಯ ಆಚೆಗೆ ಉಳಿದವು. ಲಿಯರ್‌ಜೆಟ್ ಒಂದೇ ಈಚೆಗೆ ಬಂದಿತು.

ಇದನ್ನು ಕೂಡಲೇ ಉಪಯೋಗಿಸಿಕೊಂಡದ್ದು 1964ರಲ್ಲಿ ಓಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಹುಟ್ಟಿದ 'ಎಕ್ಸಿಕ್ಯುಟಿವ್ ಜೆಟ್ ಏವಿಯೇಷನ್'. ವಾಯುಸೇನೆಯ ನಿವೃತ್ತ ಜನರಲ್ ಡಿಕ್ ಲ್ಯಾಸಿಟರ್ ಇದರ ಅಧ್ಯಕ್ಷ. ಹಿರೋಷಿಮಾದ ಮೇಲೆ ಬಾಂಬು ಹಾಕಿದ ವಿಮಾನವನ್ನು ನಡೆಸಿದ್ದ ಪಾಲ್ ಟಿಬೆಟ್ಸ್ ಕೂಡ ಮುಂದೆ ಇದೇ ಸಂಸ್ಥೆಗೆ ಬಂದು, 1976ರಲ್ಲಿ ಅಧ್ಯಕ್ಷನಾದ. ಸಂಸ್ಥೆ ಲಿಯರ್‌ಜೆಟ್‌ಗಳನ್ನು ಕೊಂಡು ಬಾಡಿಗೆಗೆ ಬಿಟ್ಟಿತು. ವಿಮಾನ ಕೊಳ್ಳುವುದು ಬೇಡ, ಚಾಲಕರನ್ನು ಸಾಕುವುದು ಬೇಡ. ಬೇಕಾದಾಗ ಕರೆದರೆ ಸಾಕು ಎಂಬುದು ಅದರ ಆಕರ್ಷಣೆ.

ಈ ಸಾಹಸಕ್ಕೆ ಹಣ ಬಂದದ್ದು ಎಲ್ಲಿಂದ ಎಂಬುದೇ ಈ ಚರಿತ್ರೆಯ ಕಹಿ ಭಾಗ. ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿ ತನ್ನ ಅಂಗಸಂಸ್ಥೆಯೊಂದರ ಮೂಲಕ ಎರಡು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಇದರಲ್ಲಿ ಹೂಡಿತು. ಮಂಡಳಿಯ ಒಪ್ಪಿಗೆಯಿಲ್ಲದೆ ರೈಲ್ವೆಯು ವಿಮಾನ ಸಂಸ್ಥೆಯನ್ನು ಹತೋಟಿಯಲ್ಲಿಟ್ಟುಕೊಳ್ಳಬಾರದೆಂದು ಕಾನೂನು ಇತ್ತು. ಲಿಯರ್‌ಜೆಟ್‌ಗಳಷ್ಟೇ ಇದ್ದಾಗ ವಿನಾಯಿತಿಯ ಮರೆ ಇತ್ತು. ಸಂಸ್ಥೆ ಬೋಯಿಂಗಿನ ದೊಡ್ಡ ವಿಮಾನಗಳಿಗೆ ಕೈಹಾಕಿದಾಗ ಮಂಡಳಿಯ ಮುಂದೆ ಹೋಗಲೇಬೇಕಾಯಿತು, ಗುಟ್ಟು ಹೊರಬಿತ್ತು. ದಂಡ ವಿಧಿಸಲಾಯಿತು. ಅಷ್ಟರಲ್ಲಿ ಆ ರೈಲ್ವೆ ಇನ್ನೊಂದರೊಡನೆ ಕೂಡಿಕೊಂಡು 'ಪೆನ್ ಸೆಂಟ್ರಲ್' ಆಗಿತ್ತು. 1970ರ ಜೂನ್ 21ರಂದು ಪೆನ್ ಸೆಂಟ್ರಲ್ ದಿವಾಳಿಯೆದ್ದಿತು. ಅಲ್ಲಿಯವರೆಗೆ ಅಮೆರಿಕಾ ಕಂಡ ದಿವಾಳಿಗಳಲ್ಲೆಲ್ಲ ಅದೇ ದೊಡ್ಡದು.

ವಿಮಾನಗಳಿಗೆ ಸುರಿದ ಹಣದಿಂದಲೇ ರೈಲ್ವೆ ಮುಳುಗಿತೆಂದರೆ ತಪ್ಪಾದೀತು. ಅದರ ಸಾಲ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿತ್ತು. ಆದರೂ ಹಳಿಗಳು ಸವೆದು, ಬೋಗಿಗಳು ಹಳತಾಗಿ, ದಿನದಿನವೂ ಕೆಲಸಕ್ಕೆ ಹೋಗುವ ಜನ ತಡವಾದ ಗಾಡಿಗಳಿಗೆ ಕಾಯುತ್ತಿದ್ದಾಗ, ಅದೇ ರೈಲ್ವೆಯ ಹಣ ಆರು ಮಂದಿ ಕೂರುವ ಜೆಟ್ಟುಗಳಿಗೆ ಹೋಯಿತು. ಲೋಕಲ್ ಗಾಡಿಗೆ ಕಾದು ನಿಂತು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಮೆರಿಕಾದ ಸಂಸತ್ತಿನ ಬ್ಯಾಂಕಿಂಗ್ ಸಮಿತಿ ಈ ಪ್ರಕರಣದ ಮೇಲೆ ಪ್ರತ್ಯೇಕ ವರದಿಯನ್ನೇ ಸಿದ್ಧಪಡಿಸಿತು.

1972ರಲ್ಲಿ ಮಂಡಳಿ ಆ ಹಳೆಯ ಗೆರೆಯನ್ನು ಅಳಿಸಿ ಹೊಸದನ್ನು ಎಳೆಯಿತು. ಇನ್ನು ಮುಂದೆ ಅಳತೆ ವಿಮಾನದ ಒಟ್ಟು ತೂಕವಲ್ಲ. ಅದು ಹೊರುವ ಭಾರ. 30 ಆಸನ ಅಥವಾ 7,500 ಪೌಂಡ್ ಸರಕಿನವರೆಗೆ ವಿನಾಯಿತಿ. ಈ ಹೊಸ ಕಿಂಡಿಗೆ ಸರಿಹೊಂದಿದ್ದು ಫಾಲ್ಕನ್ 20. ಫ್ರೆಡ್ ಸ್ಮಿತ್ ಎಂಬ ಯುವಕ ಅದರ ಆಸನಗಳನ್ನು ಕಿತ್ತು, ಅಗಲವಾದ ಬಾಗಿಲು ಕೂರಿಸಿ, ಶ್ರೀಮಂತರ ಬದಲು ಪೊಟ್ಟಣಗಳನ್ನು ಹೇರಿದ. 1973ರ ಏಪ್ರಿಲ್ 17ರ ರಾತ್ರಿ 'ಫೆಡರಲ್ ಎಕ್ಸ್‌ಪ್ರೆಸ್'ನ 14 ಫಾಲ್ಕನ್‌ಗಳು ಮೆಂಫಿಸ್ ನಗರದಿಂದ 25 ಊರುಗಳಿಗೆ 186 ಪೊಟ್ಟಣಗಳನ್ನು ಸಾಗಿಸಿದವು. ಒಂದು ವಿಮಾನಕ್ಕೆ ಹದಿನಾಲ್ಕು ಪೊಟ್ಟಣ ಕೂಡ ಬೀಳಲಿಲ್ಲ! ಇಂದು ಅದು ಜಗತ್ತಿನ ಅತಿ ದೊಡ್ಡ ಸರಕು ವಿಮಾನ ಸಂಸ್ಥೆಗಳಲ್ಲೊಂದು.

ಇಷ್ಟರಲ್ಲಿ ಇನ್ನೆರಡು ವಿಮಾನಗಳು ಹೋಲಿಕೆಯ ಎರಡು ತುದಿಗಳನ್ನು ಗೊತ್ತುಮಾಡಿದ್ದವು. ಒಂದು 1966ರ 'ಗಲ್ಫ್‌ಸ್ಟ್ರೀಮ್ 2': 26 ಟನ್ನಿಗೂ ಹೆಚ್ಚು ತೂಕ, ಆರಡಿ ಎತ್ತರದ ಒಳಾಂಗಣ. 1968ರ ಮೇ ತಿಂಗಳಲ್ಲಿ ಅದು ನ್ಯೂಯಾರ್ಕಿನ ಬಳಿಯಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದೆ ಹೋಯಿತು. ಇನ್ನೊಂದು 1969ರಲ್ಲಿ ಹಾರಿದ ಸೆಸ್ನಾ ಸಂಸ್ಥೆಯ 'ಸಿಟೇಷನ್'. ವೇಗ ಗಂಟೆಗೆ ಸುಮಾರು 650 ಕಿಲೋಮೀಟರ್ ಮಾತ್ರ. ಹಿಂದಿನಿಂದ ಬಂದ ಹಕ್ಕಿಯೇ ಅದಕ್ಕೆ ಡಿಕ್ಕಿ ಹೊಡೆದೀತೆಂದು ಚಾಲಕರು ಹಾಸ್ಯ ಮಾಡುತ್ತಿದ್ದರು. ಆದರೆ ನಿಧಾನವಾಗಿ ಇಳಿಯಬಲ್ಲ ವಿಮಾನಕ್ಕೆ ಉದ್ದನೆಯ ಓಡುದಾರಿ ಬೇಡ. ಲಿಯರ್‌ಜೆಟ್ ಹೋಗಲಾರದ ಸಣ್ಣ ಊರುಗಳ ನಿಲ್ದಾಣಗಳಿಗೂ ಸಿಟೇಷನ್ ಹೋಯಿತು. ಲಿಯರ್‌ಜೆಟ್ಟಿನ ತೀಕ್ಷ್ಣ ಗುಣ ಮೊದಲ ವರ್ಷಗಳಲ್ಲಿ ಹಲವು ಅಪಘಾತಗಳಿಗೂ ಕಾರಣವಾಗಿತ್ತು. ಸಿಟೇಷನ್ ಸಾಧುವೆಂದು ಹೆಸರಾಯಿತು. ನಕ್ಕವರಿಗೆ ಉತ್ತರವಾಗಿ ಅದರ ವಂಶವೇ ಮುಂದೆ ಸಾವಿರಗಟ್ಟಲೆ ಬೆಳೆಯಿತು.

ಕೊನೆಗೆ ಬಸ್ಸಿನ ಯಜಮಾನನ ಲೆಕ್ಕಕ್ಕೆ ಬರೋಣ. ಎಕ್ಸಿಕ್ಯುಟಿವ್ ಜೆಟ್ ಸಂಸ್ಥೆಯನ್ನು 1984ರಲ್ಲಿ ಕೊಂಡವನು ರಿಚರ್ಡ್ ಸ್ಯಾಂಟುಲ್ಲಿ ಎಂಬ ಗಣಿತಜ್ಞ. ಒಂದು ವಿಮಾನವನ್ನು ಹಲವರಿಗೆ ಪಾಲು ಹಾಕಿ ಮಾರಿದರೆ, ಎಲ್ಲರೂ ಒಂದೇ ದಿನ ಕೇಳಿದಾಗ ಏನು ಮಾಡುವುದು, ಬರಿದಾಗಿ ಎಷ್ಟು ಹಾರಬೇಕಾದೀತು, ಕೈಯಲ್ಲಿ ಎಷ್ಟು ಹೆಚ್ಚುವರಿ ವಿಮಾನಗಳಿರಬೇಕು ಎಂಬ ಪ್ರಶ್ನೆಗಳು ಎದ್ದವು. ಉತ್ತರ ಸಿಕ್ಕಿದ್ದು ಸಂಸ್ಥೆಯ ಹಳೆಯ ದಾಖಲೆ ಪುಸ್ತಕಗಳಲ್ಲಿ. ಮಿಲಿಟರಿ ಶಿಸ್ತಿನ ಆ ಹಳಬರು ಯಾವ ವಿಮಾನ ಯಾವಾಗ, ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಪ್ಪದೆ ಬರೆದಿಟ್ಟಿದ್ದರು. ಅದರ ಆಧಾರದ ಮೇಲೆ 1986ರಲ್ಲಿ 'ನೆಟ್‌ಜೆಟ್ಸ್' ಯೋಜನೆ ಸಿಟೇಷನ್ ವಿಮಾನಗಳಿಂದ ಆರಂಭವಾಯಿತು. 1998ರಲ್ಲಿ ವಾರನ್ ಬಫೆಟ್‌ರ ಸಂಸ್ಥೆ ಇದನ್ನು 72.5 ಕೋಟಿ ಡಾಲರ್ ಬೆಲೆಗೆ ಕೊಂಡಿತು. ಯಾರೂ ಓದಲಾರರೆಂದುಕೊಂಡೇ ದಿನಚರಿ ರಿಜಿಸ್ಟರು ತುಂಬಿಸುವ ಗುಮಾಸ್ತರಿಗೆ ಇದರಿಂದ ಸ್ವಲ್ಪ ಸಮಾಧಾನವಾಗಬಹುದು.

ವಿಮಾನಯಾನ ಮಂಡಳಿ 1984ರ ಕೊನೆಯಲ್ಲಿ ಮುಚ್ಚಿಹೋಯಿತು. ಮೂರು ಸಾವಿರಕ್ಕೂ ಹೆಚ್ಚು ಲಿಯರ್‌ಜೆಟ್‌ಗಳು ತಯಾರಾದ ಮೇಲೆ 2022ರ ಮಾರ್ಚ್‌ನಲ್ಲಿ ಕೊನೆಯದು ಕಾರ್ಖಾನೆಯಿಂದ ಹೊರಟಿತು. ಹಳೆಯ ಲಿಯರ್‌ಜೆಟ್‌ಗಳಲ್ಲಿ ಎಷ್ಟೋ ಇಂದು ಆಸನ ಕಳಚಿ ಮಂಚ ಹಾಕಿದ ರೋಗಿವಾಹನಗಳಾಗಿವೆ. ಅವುಗಳಲ್ಲಿ ಮಲಗಿ ಹೋಗುವವರಿಗೆ ಛಾವಣಿಯ ಎತ್ತರ ನಾಲ್ಕೂವರೆ ಅಡಿಯೋ ಆರಡಿಯೋ ಎಂಬುದು ಲೆಕ್ಕಕ್ಕಿಲ್ಲ, ವೇಗವಷ್ಟೇ ಬೇಕು. ರೋಗಿಯನ್ನು ಇಳಿಸಿದ ಮೇಲೆ ವಿಮಾನ ಬರಿದಾಗಿಯೇ ಹಿಂದಿರುಗುತ್ತದೆ. ಆ ಬಾಡಿಗೆಯನ್ನೂ ಯಾರಾದರೂ ತೆರಲೇಬೇಕು.