ನವಿಲುತೀರ್ಥಕ್ಕೆ ಬಂದ ಚುಕ್ಕೆ ಇಲ್ಲದ ಪ್ರಶ್ನೆಗಳು

ವಿಧಾನಸಭೆಯಲ್ಲಿ ಮಂತ್ರಿಗಳು ಮಂಡಿಸುವ ಲಿಖಿತ ಉತ್ತರ ಬೆಂಗಳೂರಿನಲ್ಲಿ ಹುಟ್ಟುವುದಿಲ್ಲ. ಅಲ್ಲಿ ಅದಕ್ಕೆ ಸಹಿ ಬೀಳುತ್ತದೆ, ಅಷ್ಟೆ. ಹುಟ್ಟುವುದು ನವಿಲುತೀರ್ಥದಂಥ ಊರಿನ ಉಪವಿಭಾಗ ಕಚೇರಿಯಲ್ಲಿ, ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿದುಕೊಂಡು ಹೋಗಿ ಗೇಜ್ ನೋಡಿ ಬರುವ ಲಸ್ಕರನ ಪುಸ್ತಕದಲ್ಲಿ. ನೀರಾವರಿ ಇಲಾಖೆಗೆ ಗುಮಾಸ್ತನಾಗಿ ಸೇರಿ ಮಲಪ್ರಭಾ ಯೋಜನೆಯ ಕಚೇರಿಗಳಲ್ಲೇ ಕೂದಲು ಬೆಳ್ಳಗಾದವನು ನಾನು. ಅಧಿವೇಶನದ ತಾರೀಕು ಗೊತ್ತಾಯಿತೆಂದರೆ ನಮ್ಮಲ್ಲಿ ಉಳಿದ ಕಡತಗಳೆಲ್ಲ ಬದಿಗೆ ಸರಿಯುತ್ತಿದ್ದವು. ‘ಎಲ್‌ಎಕ್ಯೂ ಬಂದೇತಿ’, ಅಂದರೆ ವಿಧಾನಸಭೆಯ ಪ್ರಶ್ನೆ ಬಂದಿದೆ, ಎಂದು ಯಾರಾದರೂ ಹೇಳಿದರೆ ಸಾಕು, ಊಟಕ್ಕೆ ಹೋದವರೂ ಅರ್ಧಕ್ಕೆ ಎದ್ದು ಬರುತ್ತಿದ್ದರು. ವಿಧಾನ ಪರಿಷತ್ತಿನದಾದರೆ ಅದಕ್ಕೆ ‘ಎಲ್‌ಸಿಕ್ಯೂ’ ಎನ್ನುತ್ತಿದ್ದೆವು; ತರಾತುರಿ ಎರಡಕ್ಕೂ ಒಂದೇ.

ಆ ಕಾಗದವನ್ನು ಕಣ್ಣಾರೆ ಕಾಣದವರಿಗಾಗಿ ಹೇಳುತ್ತೇನೆ. ಮೇಲ್ಗಡೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಗೆ ಅ, ಆ, ಇ, ಈ ಎಂದು ಕವಲುಗಳು. ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬುದು ‘ಅ’. ಬಂದಿದ್ದಲ್ಲಿ ಎಷ್ಟು ಎಕರೆಗೆ ಎಂಬುದು ‘ಆ’. ಕೈಗೊಂಡ ಕ್ರಮವೇನು, ಖರ್ಚೆಷ್ಟು, ಸಂಪೂರ್ಣ ವಿವರ ನೀಡುವುದು ಎಂದು ಉಳಿದವು. ಬಲಗಡೆ ‘ಬಂದಿದೆ’ ಎಂದು ಬರೆದರೆ ಮುಂದಿನ ಪ್ರತಿ ಕವಲಿಗೂ ಲೆಕ್ಕ ಒಪ್ಪಿಸಬೇಕು. ‘ಬಂದಿರುವುದಿಲ್ಲ’ ಎಂದು ಬರೆದರೆ ಉಳಿದವಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಮಾತು. ಆ ಮೊದಲ ಸಾಲಿನಲ್ಲಿ ಏನು ಬರೆಯಬೇಕೆಂಬುದರ ಮೇಲೆ ಕೊನೆ ಹೊಲದ ರೈತನ ಸಂಗತಿ ದಾಖಲೆಗೆ ಹೋಗುತ್ತದೋ ಇಲ್ಲವೋ ಎಂಬುದು ನಿಂತಿರುತ್ತದೆ. ಇದನ್ನು ನಾನು ಸಣ್ಣ ಕೆಲಸವೆಂದು ಯಾವತ್ತೂ ಎಣಿಸಲಿಲ್ಲ.

ಪ್ರಶ್ನೆ ಕೇಳುವ ಈ ಪದ್ಧತಿ ನಮ್ಮ ಸೀಮೆಗೆ ಬಂದ ದಾರಿ ಉದ್ದವಾದದ್ದು. ಇಂಗ್ಲೆಂಡಿನ ಪ್ರಭುಗಳ ಸಭೆಯಲ್ಲಿ ಮಂತ್ರಿಗೆ ಹಾಕಿದ ಮೊದಲ ಪ್ರಶ್ನೆ ಎಂದು ದಾಖಲಾಗಿರುವುದು 1721ರದು. ಷೇರು ಬೆಲೆ ಕುಸಿದಿದ್ದ ಸೌತ್ ಸೀ ಕಂಪನಿಯ ಖಜಾಂಚಿ ದೇಶ ಬಿಟ್ಟು ಓಡಿದ್ದ. ಅವನ ಸುದ್ದಿ ನಿಜವೇ ಎಂದು ಅರ್ಲ್ ಕೌಪರ್ ಕೇಳಿದ. ಇಂಡಿಯಾದಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರ ಕೌನ್ಸಿಲ್ ಕಾಯ್ದೆಯಿಂದ. ಮೊದಲೇ ಬರೆದು ಕೊಡಬೇಕು, ಬಂದ ಉತ್ತರಕ್ಕೆ ಮರುಮಾತಾಡುವಂತಿಲ್ಲ. 1909ರ ಸುಧಾರಣೆಯಲ್ಲಿ ಕೇಳಿದವನಿಗೆ ಮಾತ್ರ ಉಪಪ್ರಶ್ನೆಯ ಅವಕಾಶ ಬಂತು. 1919ರ ಕಾಯ್ದೆಯ ನಂತರ ಯಾವ ಸದಸ್ಯನಾದರೂ ಉಪಪ್ರಶ್ನೆ ಹಾಕಬಹುದು ಎಂದಾಯಿತು.

ನಮ್ಮ ಸವದತ್ತಿ ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ಪರಸಗಡ ತಾಲೂಕಿನ ಕಚೇರಿ ಊರು. ಬೈಲಹೊಂಗಲದ ಸೀಮೆ ಸಂಪಗಾವಿ ತಾಲೂಕು. ಇಲ್ಲಿಯ ಕಂದಾಯದ ಕಷ್ಟ, ಕೆರೆಯ ಕಷ್ಟವನ್ನು ಯಾರಾದರೂ ಕೇಳಬೇಕಾದರೆ ಮುಂಬಯಿಯಲ್ಲಿ ಕೇಳಬೇಕು, ಇಲ್ಲವೇ ಮಳೆಗಾಲದ ಅಧಿವೇಶನಕ್ಕೆ ಪುಣೆಯಲ್ಲಿ. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಆ ಕೌನ್ಸಿಲ್ಲಿನ ಉಪಾಧ್ಯಕ್ಷರಾಗಿ, ಆಮೇಲೆ ಮಂತ್ರಿಯಾಗಿ ಕೆಲಸ ಮಾಡಿದರು. 1937ರಲ್ಲಿ ಬಂದ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಹಣಕಾಸಿನ ಖಾತೆ ಬೆಳಗಾವಿಯ ಅಣ್ಣಾಸಾಹೇಬ ಲಠ್ಠೆಯವರದು. ಅಂದರೆ ದೂರವಾದರೂ ಒಂದು ಬಾಗಿಲು ಇತ್ತು. ಇದೇ ಮಲಪ್ರಭೆಯ ಗುಂಟ ಕೆಳಗೆ ಹೋದರೆ ರಾಮದುರ್ಗ, ಅದು ಸಂಸ್ಥಾನ. ಅಲ್ಲಿ ಪ್ರಜೆಗಳ ಪರವಾಗಿ ದೊರೆಯ ಆಡಳಿತವನ್ನು ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯುವ ಇಂಥ ಸಭೆಯ ಬಲವಿರಲಿಲ್ಲ. ಪ್ರಜಾಸಂಘ ಕಟ್ಟಿಕೊಂಡ ಜನ ಕರಭಾರದ ವಿರುದ್ಧ ಎದ್ದರು; 1939ರ ಏಪ್ರಿಲ್ 7ರಂದು ಸೆರೆಮನೆಗೇ ನುಗ್ಗಿದರು, ರಕ್ತ ಹರಿಯಿತು. ಒಂದೇ ಹೊಳೆಯ ದಂಡೆಯ ಎರಡು ಆಡಳಿತಗಳಿವು. ಕೇಳುವ ದಾರಿ ಇಲ್ಲದ ಕಡೆ ಜನರ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನನಗೆ ಬೇರೆ ಪುಸ್ತಕ ಬೇಕಾಗಿಲ್ಲ.

1956ರ ನವೆಂಬರ್ 1ರಂದು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪ್ರಶ್ನೆಗಳು ಬೆಂಗಳೂರಿಗೆ ಹೋಗತೊಡಗಿದವು. ಹಳೆಯ ಮೈಸೂರಿಗೆ ಬೇರೆಯದೇ ರೂಢಿ ಇತ್ತು. ದಿವಾನ್ ರಂಗಾಚಾರ್ಲು 1881ರಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಸೇರುತ್ತಿತ್ತು. ತಾಲೂಕುಗಳಿಂದ ಬಂದವರು ತಮ್ಮೂರ ಅಹವಾಲು ಹೇಳಿ ದಿವಾನರಿಂದ ಉತ್ತರ ಕೇಳಿಕೊಂಡು ಹೋಗುತ್ತಿದ್ದರು. ಮುಂಬಯಿಯ ಕಟ್ಟುನಿಟ್ಟು, ಮೈಸೂರಿನ ಅಹವಾಲು, ಎರಡೂ ಪದ್ಧತಿಯ ಜನ ವಿಧಾನಸೌಧದಲ್ಲಿ ಒಂದೇ ಸಭೆಯಲ್ಲಿ ಕೂತರು. 1963ರ ರಾಜ್ಯಭಾಷಾ ಕಾಯ್ದೆಯ ನಂತರ ನಿಧಾನಕ್ಕೆ ಆಡಳಿತ ಕನ್ನಡಕ್ಕೆ ಹೊರಳಿತು. ನಮ್ಮ ಕಚೇರಿಯ ಲೆಕ್ಕವನ್ನು ಮುನವಳ್ಳಿಯ ರೈತನೂ ಓದಬಹುದು ಎಂಬುದು ಅಲ್ಲಿಂದ ಮುಂದಿನ ಮಾತು.

ನವಿಲುತೀರ್ಥದ ಅಣೆಕಟ್ಟಿನ ಕೆಲಸ ಶುರುವಾದದ್ದು 1960ರ ದಶಕದಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಹೊಳೆ ಇಲ್ಲಿ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಕಂದರ ಕಿರಿದು, ಹಾಗಾಗಿ ಗೋಡೆಯೂ ಚಿಕ್ಕದು. ಉದ್ದ ಸುಮಾರು 154 ಮೀಟರ್ ಮಾತ್ರ. ಅಷ್ಟು ಗೋಡೆಯ ಹಿಂದೆ ನಿಲ್ಲಬೇಕಾದ ನೀರು ಮಾತ್ರ 37.73 ಟಿಎಂಸಿ. ಎಡದಂಡೆ, ಬಲದಂಡೆ ಎಂದು ಎರಡು ಕಾಲುವೆ. ನೀರು ಉಣ್ಣಬೇಕಾದ ಭೂಮಿ ಎರಡು ಲಕ್ಷ ಹೆಕ್ಟೇರಿಗೂ ಮೇಲೆ. ರೇಣುಕಾಸಾಗರ ಎಂದು ಹೆಸರಾಯಿತು. ಮುಳುಗಿದ ಊರುಗಳ ಪರಿಹಾರ, ಹೊಸ ಊರಿನ ನಿವೇಶನ, ಸ್ಮಶಾನದ ಜಾಗ ಇವು ಪ್ರಶ್ನೆಗಳಾಗಿ ಬರುತ್ತಲೇ ಇದ್ದವು, ನಾನು ಸೇರುವ ಮೊದಲೂ, ನಾನು ಬಿಟ್ಟ ಮೇಲೂ.

1980ರ ಮಾತಿಗೆ ಬಂದರೆ ಕೈ ತುಸು ನಿಧಾನವಾಗುತ್ತದೆ. ಕಾಲುವೆ ತೋಡಿದ್ದರಿಂದ ಭೂಮಿಯ ಬೆಲೆ ಏರಿದೆ ಎಂದು ಬೆಟರ್‌ಮೆಂಟ್ ಲೆವಿ, ಜತೆಗೆ ನೀರಿನ ಕರ. ಕಾಗದದಲ್ಲಿ ಅಚ್ಚುಕಟ್ಟು ಎಂದು ಬರೆದ ಹೊಲಕ್ಕೆ ನೀರು ಬಂದಿರಲಿ ಬಾರದಿರಲಿ, ನೋಟಿಸು ಬಂತು. ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ನರಗುಂದದಲ್ಲಿ ಪೊಲೀಸ್ ಅಧಿಕಾರಿಯೂ ಜೀವ ಕಳೆದುಕೊಂಡರು. ಗುಂಡೂರಾವ್ ಸರ್ಕಾರ ಅಲ್ಲಾಡಿತು, ರಾಜ್ಯದ ರೈತ ಚಳವಳಿಗೆ ಕಾವು ಏರಿತು, 1983ರಲ್ಲಿ ಸರ್ಕಾರವೇ ಬದಲಾಯಿತು. ಇವೆಲ್ಲ ಗೊತ್ತಿರುವ ಇತಿಹಾಸ. ನನ್ನ ಕಸುಬಿನವರು ನೋಡಬೇಕಾದದ್ದು ಇನ್ನೊಂದಿದೆ. ನಮ್ಮ ದಫ್ತರದಲ್ಲಿ ಎರಡು ಲೆಕ್ಕ ಇರುತ್ತವೆ. ಕಾಲುವೆ ತೋಡಿದ್ದರಿಂದ ಎಷ್ಟು ಭೂಮಿಗೆ ನೀರು ಕೊಡಬಹುದು ಎಂಬುದು ಒಂದು. ಅದಕ್ಕೆ ಸೃಜಿಸಿದ ನೀರಾವರಿ ಸಾಮರ್ಥ್ಯ ಎನ್ನುತ್ತಾರೆ. ನಿಜವಾಗಿ ಎಷ್ಟು ಭೂಮಿ ನೀರು ಉಂಡಿತು ಎಂಬುದು ಮತ್ತೊಂದು, ಅದು ಬಳಕೆ. ಈ ಎರಡರ ನಡುವಿನ ಅಂತರದಲ್ಲೇ ಆ ಜುಲೈ ತಿಂಗಳು ಇತ್ತು. ಪ್ರಶ್ನೆಯಲ್ಲಿ ಒಂದನ್ನೇ ಕೇಳಿದ ಸದಸ್ಯರಿಗೆ ಒಂದೇ ಸಿಗುತ್ತದೆ, ಅದೂ ದೊಡ್ಡದು. ಎರಡನ್ನೂ ವಿತರಣಾ ಕಾಲುವೆವಾರು ಕೇಳುವ ಸದಸ್ಯರಿದ್ದರೆ ಕೆಳಗಿನ ಕಚೇರಿ ಗೇಜ್ ಪುಸ್ತಕ ತೆಗೆಯಲೇಬೇಕು.

ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಉಪಪ್ರಶ್ನೆ ಎದುರಿಸಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದ ಉತ್ತರ ಮೇಜಿನ ಮೇಲೆ ಬಂದು ಕೂಡುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯವು 20, ಚುಕ್ಕೆ ಇಲ್ಲದವು 230. ಪತ್ರಿಕೆಯವರ ಕಣ್ಣು ಮೊದಲನೆಯದರ ಮೇಲೆ. ಗದ್ದಲ, ಸಭಾತ್ಯಾಗ, ಮಂತ್ರಿ ತಡವರಿಸಿದ್ದು, ಇದೆಲ್ಲ ಅಲ್ಲಿ. ಅದಕ್ಕೂ ಬೆಲೆಯಿದೆ, 1957ರಲ್ಲಿ ಜೀವವಿಮಾ ನಿಗಮದ ಹಣ ಮುಂದ್ರಾ ಕಂಪನಿಗಳಿಗೆ ಹೋದದ್ದು ಲೋಕಸಭೆಯ ಪ್ರಶ್ನೆಗಳಿಂದಲೇ ಹೊರಬಿದ್ದು, ಮರುವರ್ಷ ಹಣಕಾಸು ಮಂತ್ರಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆದರೆ ಕೆಳಗೆ ಕೂತು ಬರೆದ ನನ್ನ ಅನುಭವ ಹೇಳುವುದೇನೆಂದರೆ, ಚುಕ್ಕೆಯ ಪ್ರಶ್ನೆಗೆ ಉತ್ತರ ಚಿಕ್ಕದಾಗಿ ಹೋಗುತ್ತದೆ. ನಿಜವಾದ ವಿವರವೆಲ್ಲ ಅದರ ಜತೆ ಹೋಗುವ ಪೂರಕ ಟಿಪ್ಪಣಿಯಲ್ಲಿರುತ್ತದೆ. ಉಪಪ್ರಶ್ನೆ ಬಂದರೆ ಮಂತ್ರಿಗಳ ಕೈಗೆ ಸಿಗಲಿ ಎಂದು ಬರೆದದ್ದು ಅದು. ಗುತ್ತಿಗೆದಾರನಿಗೆ ಎಷ್ಟು ಬಾಕಿ, ಎಷ್ಟನೇ ಕಿಲೋಮೀಟರಿನಲ್ಲಿ ಕಾಲುವೆ ಒಡೆದಿದೆ, ಯಾಕೆ ಒಡೆಯಿತು, ಎಲ್ಲ ಅದರಲ್ಲಿ. ಉಪಪ್ರಶ್ನೆ ಬರದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಹಾಗೆ ಒಳಗಿಟ್ಟುಕೊಳ್ಳುವ ಅವಕಾಶ ಕಡಿಮೆ. ಕೇಳಿದ್ದನ್ನೆಲ್ಲ ಬರೆದೇ ಕೊಡಬೇಕು, ಹಾಳೆಯಲ್ಲಿ ಹಿಡಿಸದಿದ್ದರೆ ಅನುಬಂಧ ಹಚ್ಚಬೇಕು. ತಪ್ಪು ಮಾಹಿತಿ ಹೋದರೆ ಹಕ್ಕುಚ್ಯುತಿ. ಆ ಭಯ ಮಂತ್ರಿಯಿಂದ ಲಸ್ಕರನವರೆಗೂ ಇಳಿದು ಬರುತ್ತದೆ.

ನಾನು ಬರೆದ ಅನುಬಂಧಗಳಲ್ಲಿ ಹೆಚ್ಚಿನವು ಸಿಬ್ಬಂದಿಯವು. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ, ಹೀಗೆ ಮೂರು ಕಂಬ. ಹೊರಗಿನವರಿಗೆ ಬೇಸರದ ಪಟ್ಟಿ. ಆದರೆ ಸೌಡಿಯ ಹುದ್ದೆ ಖಾಲಿ ಇದೆ ಎಂದರೆ ರಾತ್ರಿ ತೂಬು ಕಾಯುವವರಿಲ್ಲ ಎಂದರ್ಥ. ಮೇಲಿನವರು ಪೈಪು ಹಾಕಿ ನೀರೆತ್ತಿಕೊಳ್ಳುತ್ತಾರೆ, ಟೇಲೆಂಡಿನ ಗೋವಿನಜೋಳ ಒಣಗುತ್ತದೆ. ಆ ಮೂರನೆಯ ಕಂಬ ವರ್ಷದಿಂದ ವರ್ಷಕ್ಕೆ ಏರುತ್ತ ಹೋದದ್ದನ್ನು ಕೈಯಾರೆ ಬರೆದಿದ್ದೇನೆ. ಹೊಸ ನೇಮಕ ಇಲ್ಲದ ಕಡೆ ದಿನಗೂಲಿಯವರು ಕಾಲುವೆ ನಡೆಸಿದರು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಗಿ 1990ರಲ್ಲಿ ತೀರ್ಪು ತಂದಿತು. ಇಡೀ ರಾಜ್ಯದ ದಿನಗೂಲಿಯವರನ್ನು ಖಾಯಂ ಮಾಡುವ ಯೋಜನೆಗೆ ಅದರಿಂದ ನ್ಯಾಯಾಲಯದ ಮುದ್ರೆ ಬಿತ್ತು. ಆಮೇಲೆ ಪ್ರಶ್ನೆಗಳ ಮಳೆ. ಯಾವ ಉಪವಿಭಾಗದಲ್ಲಿ ಎಷ್ಟು ಜನ, ಎಂದಿನಿಂದ, ಯಾರ ಹೆಸರು ಜ್ಯೇಷ್ಠತಾ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಹಳೆಯ ಮಸ್ಟರ್ ರೋಲುಗಳ ಕಟ್ಟು ಬಿಚ್ಚಿ, ಹೆಬ್ಬೆಟ್ಟಿನ ಗುರುತುಗಳ ಎದುರಿನ ಹೆಸರುಗಳನ್ನು ಒಂದೊಂದಾಗಿ ಪಟ್ಟಿಗೆ ಇಳಿಸುತ್ತಿದ್ದೆವು. ಕಡಲೆಕಾಯಿ ಎಣ್ಣೆಯ ಕಲೆಬಿದ್ದ, ಮೂಲೆ ಮಡಚಿದ ಆ ಮಸ್ಟರುಗಳಲ್ಲಿ ಒಬ್ಬನ ಇಡೀ ಪ್ರಾಯ ಇರುತ್ತಿತ್ತು. ಅವನ ಹೆಸರು ಸದನದ ಮುಂದಿಟ್ಟ ಅನುಬಂಧದಲ್ಲಿ ಅಚ್ಚಾಗಿದೆ ಎಂದು ಗೊತ್ತಾದ ಮೇಲೆ ಯಾವ ಸಾಹೇಬರೂ ‘ನೀ ಇಲ್ಲಿ ಕೆಲಸಾನೇ ಮಾಡಿಲ್ಲ’ ಎನ್ನಲಾರರು. ಕೆಳಗಿನ ನೌಕರನ ಪಾಲಿಗೆ ಇದಕ್ಕಿಂತ ಗಟ್ಟಿಯಾದ ರಸೀದಿ ಇಲ್ಲ.

1998ರಲ್ಲಿ ಕರ್ನಾಟಕ ನೀರಾವರಿ ನಿಗಮ ಬಂತು, ಕಾಲುವೆಗಳು ಅದರ ಕೈಗೆ ಹೋದವು. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಸಲ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದರು. ಚಳಿಗಾಲದಲ್ಲಿ ಸದನ ಇಲ್ಲಿಗೇ ಬರುವುದರಿಂದ ಕಿತ್ತೂರು, ಬೈಲಹೊಂಗಲದ ಕಡೆಯ ರೈತರಿಗೆ ಧರಣಿಗೆ ಹೋಗಿಬರುವುದು ಸಲೀಸಾಯಿತು. ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕಳಸಾ ನಾಲೆಯ ತಿರುವಿಗೆ 1.72, ಬಂಡೂರಿ ನಾಲೆಯ ತಿರುವಿಗೆ 2.18 ಟಿಎಂಸಿ ಎಂದು ಹೇಳಿದ ಮೇಲೆ, ಆ ನೀರು ಮಲಪ್ರಭೆಗೆ ಯಾವಾಗ ಬರುತ್ತದೆ ಎಂಬುದು ಇಲ್ಲಿಯೂ ದೆಹಲಿಯಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆ. ಕೊಟ್ಟ ಉತ್ತರದಲ್ಲಿ ‘ಕ್ರಮ ವಹಿಸಲಾಗುವುದು’ ಎಂದಿದ್ದರೆ ಅದು ಭರವಸೆ. ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಲೋಕಸಭೆಯಲ್ಲಿ ಅಂಥ ಸಮಿತಿ 1953ರಿಂದ ಇದೆ.

ಸಾಮಾನ್ಯ ಮನುಷ್ಯನಿಗೂ ಪ್ರಶ್ನೆ ಕೇಳುವ ಈ ಬಲದಲ್ಲಿ ಪಾಲು ಸಿಕ್ಕಿತ್ತು. ಸಂಸತ್ತಿಗೆ ಅಥವಾ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಒಂದು ವಾಕ್ಯ 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿತ್ತು. ಆ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ವಾಕ್ಯ ಅದು. ಶಾಸಕನಿಗೆ ಕೊಡುವ ಲೆಕ್ಕವನ್ನು ರಾಮದುರ್ಗದ ರೈತನೂ ಹತ್ತು ರೂಪಾಯಿ ಕಟ್ಟಿ ಕೇಳಬಹುದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಆ ವಾಕ್ಯವನ್ನು ತೆಗೆದುಹಾಕಿದೆ. ಹೆಸರಿರುವ ಪಟ್ಟಿಯೆಲ್ಲ ಈಗ ವೈಯಕ್ತಿಕ ಎಂದು ಕಚೇರಿ ಹೇಳಬಹುದು. ನಾವು ಬರೆದಂಥ ಮಸ್ಟರಿನ ಪಟ್ಟಿಯೂ ಅದರಲ್ಲಿ ಸೇರಬಹುದು. ಇದು ದೊಡ್ಡ ನಷ್ಟ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹೀಗಿರುವಾಗ ಚುಕ್ಕೆ ಇಲ್ಲದ ಪ್ರಶ್ನೆಯ ಭಾರ ಇನ್ನೂ ಹೆಚ್ಚಿದೆ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಶಾಸಕರು ವರ್ಷಕ್ಕೊಂದಾದರೂ ಪ್ರಶ್ನೆಯನ್ನು ನೀರಿನ ಬಳಕೆ ಮತ್ತು ಖಾಲಿ ಹುದ್ದೆಗಳ ಬಗ್ಗೆ ವಿತರಣಾ ಕಾಲುವೆವಾರು ಕೇಳಲಿ. ಬಂದ ಉತ್ತರವನ್ನು ಅನುಬಂಧ ಸಮೇತ ತಾಲೂಕಿನ ಗ್ರಂಥಾಲಯದಲ್ಲಿ ಇಡಿಸಲಿ. ಮುಖಪುಟ ಇಲ್ಲದಿದ್ದರೂ ನಡೆಯುತ್ತದೆ, ಅನುಬಂಧ ಮಾತ್ರ ಇರಲೇಬೇಕು.